ಕರಾರುಗಳಲ್ಲಿ ‘ನೈಜ ಹಣಕಾಸು ವಹಿವಾಟು’: ವ್ಯಾಖ್ಯೆಯನ್ನು ಓದಲು, ಬರೆಯಲು, ಪರೀಕ್ಷಿಸಲು ಒಂದು ಸಮಗ್ರ ಮಾರ್ಗದರ್ಶಿ

ಹೂಡಿಕೆಯ ಕರಾರುಗಳಲ್ಲಿ ಮೊತ್ತ, ಬಡ್ಡಿ, ರಿಯಾಯಿತಿ, ಅವಧಿ ಇವುಗಳ ಬಗ್ಗೆ ವಾರಗಟ್ಟಲೆ ಚೌಕಾಸಿ ನಡೆಯುತ್ತದೆ. ಆದರೆ ಈ ಹಕ್ಕುಗಳೆಲ್ಲ ಯಾವ ಘಟನೆ ನಡೆದಾಗ ಜಾರಿಗೆ ಬರುತ್ತವೆ ಎಂಬುದನ್ನು ತೀರ್ಮಾನಿಸುವ ವಾಕ್ಯ ಮಾತ್ರ ಯಾವುದೋ ಮಾದರಿ ಪತ್ರದಿಂದ ಹಾಗೆಯೇ ನಕಲಾಗಿ ಬಂದಿರುತ್ತದೆ. ಪರಿವರ್ತನೀಯ ಸಾಲಪತ್ರ ಷೇರಾಗಿ ಬದಲಾಗಬೇಕೆ, ಕಂಪನಿಯ ನಿಯಂತ್ರಣ ಕೈಬದಲಾಯಿತೆಂದು ಪರಿಗಣಿಸಿ ಹಳೆಯ ಹೂಡಿಕೆದಾರರಿಗೆ ಹಣ ಕೊಡಬೇಕೆ, ಹೊಸ ಷೇರುಗಳಿಂದ ಪಾಲು ಕರಗದಂತೆ ಇಟ್ಟಿರುವ ರಕ್ಷಣೆ ಅನ್ವಯಿಸುತ್ತದೆಯೆ ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ನಡೆದದ್ದು ನೈಜ ಹಣಕಾಸು ವಹಿವಾಟೋ, ಅಂದರೆ ನಿಜವಾಗಿಯೂ ಹಣ ಸಂಗ್ರಹಿಸುವ ವಹಿವಾಟೋ, ಅಥವಾ ಆ ಹೆಸರು ಹೊತ್ತ ಬೇರೇನೋ?

ಇಂಗ್ಲಿಷ್ ಕರಾರುಗಳಲ್ಲಿ ‘ಬೋನಾ ಫೈಡ್’ ಎಂದು ಬರುವುದನ್ನು ಇಲ್ಲಿ ‘ನೈಜ’ ಎಂದು ಬರೆದಿದ್ದೇನೆ. ಈ ವಿಶೇಷಣವೊಂದನ್ನೇ ನಂಬಿ ಕೂತರೆ ಸಿಗುವ ರಕ್ಷಣೆ ಬಹಳ ಕಡಿಮೆ. ನಂತರ ವಿವಾದ ಎದ್ದಾಗ ಎರಡೂ ಪಕ್ಷಗಳು ತಮ್ಮ ವಹಿವಾಟೇ ನೈಜವೆಂದು ವಾದಿಸುತ್ತವೆ. ನಿಜವಾದ ಕೆಲಸ ಮಾಡುವುದು ಆ ಪದದ ಸುತ್ತ ಕಟ್ಟಿದ, ಅಳೆಯಲು ಬರುವ ಷರತ್ತುಗಳು: ಉದ್ದೇಶ ಏನು, ಹಣ ಎಲ್ಲಿಂದ ಎಲ್ಲಿಗೆ ಹೋಯಿತು, ಎದುರು ಪಕ್ಷ ಯಾರು, ಬೆಲೆ ಹೇಗೆ ನಿಗದಿಯಾಯಿತು, ಯಾವ ಯಾವ ಕಂತುಗಳು ಒಂದೇ ವಹಿವಾಟಿನ ಭಾಗ. ಈ ಮಾರ್ಗದರ್ಶಿ ಸಂಸ್ಥಾಪಕರಿಗೆ, ಹೂಡಿಕೆದಾರರಿಗೆ ಮತ್ತು ಕರಾರು ಬರೆಯುವುದನ್ನು ಕಲಿಯುತ್ತಿರುವ ವಕೀಲರಿಗೆ ಆ ಷರತ್ತುಗಳನ್ನು ಒಂದೊಂದಾಗಿ ತೋರಿಸುತ್ತದೆ. ಉದಾಹರಣೆಗಳಲ್ಲಿ ಅಮೆರಿಕದ ಮಾದರಿ ಪತ್ರಗಳೂ ಅಲ್ಲಿನ ಕಾನೂನೂ ಬರುತ್ತವೆ, ಏಕೆಂದರೆ ಈ ಪದಪ್ರಯೋಗ ಅಲ್ಲಿನ ನವೋದ್ಯಮ ಕರಾರುಗಳಲ್ಲೇ ಹೆಚ್ಚು ಬೆಳೆದಿದೆ. ಬೇರೆ ದೇಶದ ಕಾನೂನಿಗೆ ಒಳಪಡುವ ಕರಾರಿಗೆ ಇದೇ ಮಾತುಗಳನ್ನು ಬಳಸುವ ಮುನ್ನ ಅಲ್ಲಿನ ಕಂಪನಿ ಕಾಯ್ದೆಯೊಂದಿಗೆ ತಾಳೆ ನೋಡಲೇಬೇಕು.

ಹಂತ 1: ಈ ವ್ಯಾಖ್ಯೆ ಯಾವ ಪರಿಣಾಮಕ್ಕೆ ದಾರಿ ಮಾಡುತ್ತದೆ ಎಂದು ಮೊದಲು ಗುರುತಿಸಿ

ವ್ಯಾಖ್ಯೆಯನ್ನು ಅದರ ಜಾಗದಲ್ಲೇ ಓದಿ ಅರ್ಥ ಮಾಡಿಕೊಳ್ಳಲು ಹೊರಡುವುದು ಮೊದಲ ತಪ್ಪು. ಆ ಪದ ಕರಾರಿನಲ್ಲಿ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಹುಡುಕಿ, ಪ್ರತಿಯೊಂದು ಕಡೆಯೂ ‘ಇದನ್ನು ಹಣಕಾಸು ವಹಿವಾಟು ಎಂದು ಕರೆದರೆ ಲಾಭ ಯಾರಿಗೆ’ ಎಂದು ಕೇಳಿಕೊಳ್ಳಬೇಕು. ಉತ್ತರ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ.

ಪರಿವರ್ತನೀಯ ಸಾಲಪತ್ರದಲ್ಲಿ ‘ಅರ್ಹ ಹಣಕಾಸು ವಹಿವಾಟು’ ನಡೆದ ಕೂಡಲೇ ಸಾಲ ತಾನಾಗಿಯೇ ಷೇರಾಗಿ ಬದಲಾಗುತ್ತದೆ. ಅಂದರೆ ಸಾಲ ಕೊಟ್ಟವರು ಮರುಪಾವತಿ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಇಲ್ಲಿ ವ್ಯಾಖ್ಯೆ ಸಡಿಲವಾಗಿದ್ದಷ್ಟೂ ಅದು ಕಂಪನಿಗೆ ಅನುಕೂಲ, ಸಾಲಪತ್ರ ಹೊಂದಿದವರಿಗೆ ಅಪಾಯ.

ನಿಯಂತ್ರಣ ಬದಲಾವಣೆಯ ಷರತ್ತಿನಲ್ಲಿ ಇದೇ ಪದ ವಿನಾಯಿತಿಯಾಗಿ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಹೊಸಬರ ಕೈಗೆ ಹೋದರೆ ಅದನ್ನು ಕಂಪನಿಯ ಮಾರಾಟವೆಂದೇ ಎಣಿಸಿ ಆದ್ಯತಾ ಷೇರುದಾರರಿಗೆ ಮೊದಲು ಹಣ ಕೊಡಬೇಕು ಎಂದು ಹೇಳಿದ ಮೇಲೆ, ನೈಜ ಷೇರು ಬಂಡವಾಳ ಸಂಗ್ರಹಕ್ಕಾಗಿಯೇ ಮುಖ್ಯವಾಗಿ ನಡೆದ ವಹಿವಾಟು ಈ ಲೆಕ್ಕಕ್ಕೆ ಬರುವುದಿಲ್ಲ ಎಂಬ ವಾಕ್ಯವನ್ನು ಅಮೆರಿಕದ ಡೆಲವೇರ್‌ನಲ್ಲಿ ನೋಂದಣಿಯಾದ ಅನೇಕ ಕಂಪನಿಗಳ ಸ್ಥಾಪನಾ ಪತ್ರಗಳಾದ ಚಾರ್ಟರ್‌ಗಳಲ್ಲಿ ಕಾಣಬಹುದು. ದೊಡ್ಡ ಹೂಡಿಕೆ ಬಂದ ಮಾತ್ರಕ್ಕೆ ಕಂಪನಿ ಮಾರಾಟವಾದಂತೆ ಆಗಬಾರದು ಎಂಬುದು ಅದರ ಹಿಂದಿನ ಕಾರಣ. ಇಲ್ಲಿ ಸಡಿಲ ವ್ಯಾಖ್ಯೆಯಿಂದ ನಷ್ಟವಾಗುವುದು ಹಳೆಯ ಆದ್ಯತಾ ಷೇರುದಾರರಿಗೆ.

ಮೂರನೆಯ ಬಳಕೆ ಸಾಲದ ಕಡೆಯದು. ಬ್ಯಾಂಕುಗಳಿಗೆ ಅಥವಾ ಯಂತ್ರೋಪಕರಣ ಗುತ್ತಿಗೆ ಕೊಡುವ ಸಂಸ್ಥೆಗಳಿಗೆ ಸಾಲದ ಜೊತೆಗೆ ಕೊಡುವ, ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕುಗಳಾದ ವಾರಂಟ್‌ಗಳು ಪಾಲು ಕರಗುವಿಕೆಯ ರಕ್ಷಣೆಯಿಂದ ಹೊರಗಿರುತ್ತವೆ. ಸಂಸ್ಥಾಪಕರು ತಮ್ಮ ಷೇರುಗಳನ್ನು ನೈಜ ಸಾಲಕ್ಕೆ ಒತ್ತೆ ಇಡುವುದು ವರ್ಗಾವಣೆ ನಿರ್ಬಂಧದಿಂದ ಹೊರಗಿರುತ್ತದೆ. ಈ ವಿನಾಯಿತಿಗಳ ಮೂಲಕ ಬೇರೆಯವರು ಒಳಗೆ ನುಸುಳದಂತೆ ನೋಡಿಕೊಳ್ಳುವುದೇ ವ್ಯಾಖ್ಯೆಯ ಕೆಲಸ.

ಆದ್ದರಿಂದ ಒಂದೇ ವ್ಯಾಖ್ಯೆಯನ್ನು ಬರೆದು ಮೂರೂ ಕಡೆ ಬಳಸುವುದು ನನ್ನ ದೃಷ್ಟಿಯಲ್ಲಿ ಸುಳ್ಳು ಮಿತವ್ಯಯ. ಪರಿಣಾಮ ಬೇರೆಯಾದರೆ ವ್ಯಾಖ್ಯೆಯೂ ಬೇರೆಯಾಗಲಿ, ಹೆಸರೂ ಬೇರೆಯಾಗಲಿ.

ಹಂತ 2: ಉದ್ದೇಶದ ಮಾತನ್ನು ತೂಗಿ ನೋಡಿ

ನವೋದ್ಯಮಗಳಿಗೆ ಆರಂಭಿಕ ಹಣ ಹೂಡುವ ಅಮೆರಿಕದ ಸಂಸ್ಥೆ ವೈ ಕಾಂಬಿನೇಟರ್ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ‘ಸೇಫ್’ ಎಂಬ ಮಾದರಿ ಪತ್ರ (ಈಗ ಹಣ ಕೊಟ್ಟು ಮುಂದಿನ ಹೂಡಿಕೆಯ ವೇಳೆ ಷೇರು ಪಡೆಯುವ ಕರಾರು) ಇಂದು ಈ ಕ್ಷೇತ್ರದಲ್ಲಿ ಅತಿ ಹೆಚ್ಚು ನಕಲಾಗುವ ಪತ್ರಗಳಲ್ಲಿ ಒಂದು. ಷೇರು ಹಣಕಾಸು ವಹಿವಾಟನ್ನು ಅದು ವಿವರಿಸುವ ಬಗೆಯಲ್ಲಿ ಮೂರು ಅಂಶಗಳಿವೆ: ವಹಿವಾಟು ಅಥವಾ ವಹಿವಾಟುಗಳ ಸರಣಿ ನೈಜವಾಗಿರಬೇಕು, ಬಂಡವಾಳ ಸಂಗ್ರಹವೇ ಅದರ ಮುಖ್ಯ ಉದ್ದೇಶವಾಗಿರಬೇಕು, ಮತ್ತು ಕಂಪನಿ ನಿಗದಿತ ಮೌಲ್ಯಮಾಪನದಲ್ಲಿ ಆದ್ಯತಾ ಷೇರುಗಳನ್ನು ಹೊರಡಿಸಿ ಮಾರಬೇಕು. ಕನಿಷ್ಠ ಮೊತ್ತದ ಮಾತೇ ಅಲ್ಲಿಲ್ಲ. ಹಾಗಾಗಿ ಚಿಕ್ಕ ಮೊತ್ತದ ತೋರಿಕೆಯ ಹಣ ಸಂಗ್ರಹವನ್ನು, ಅಂದರೆ ತೋರಿಕೆಯ ಸುತ್ತನ್ನು, ತಡೆಯುವ ಹೊರೆಯೆಲ್ಲ ಮೊದಲ ಎರಡು ಅಂಶಗಳ ಮೇಲೇ ಬೀಳುತ್ತದೆ.

‘ಮುಖ್ಯ’ ಎಂಬ ಪದದ ಜಾಗದಲ್ಲಿ ‘ಏಕೈಕ’ ಎಂದು ಬರೆದರೆ ಬಹುತೇಕ ನಿಜವಾದ ಹೂಡಿಕೆಗಳೇ ಹೊರಗುಳಿಯುತ್ತವೆ, ಏಕೆಂದರೆ ಹೂಡಿಕೆದಾರರ ಹೆಸರಿನ ಬಲ, ಸಂಪರ್ಕ, ನಿರ್ದೇಶಕ ಮಂಡಳಿಯಲ್ಲಿ ಅನುಭವಿಗಳೊಬ್ಬರು ಕೂರುವುದು ಇವೆಲ್ಲ ಯಾವುದೇ ಸುತ್ತಿನ ಉಪ ಉದ್ದೇಶಗಳೇ. ಬರಿದೇ ‘ಒಂದು ಉದ್ದೇಶ’ ಎಂದು ಬರೆದರೆ ಏನು ಬೇಕಾದರೂ ಒಳಗೆ ಬರಬಹುದು. ‘ಮುಖ್ಯ’ ಎನ್ನುವುದು ಸರಿಯಾದ ಮಟ್ಟ, ಆದರೆ ಮುಖ್ಯವೇ ಅಲ್ಲವೇ ಎಂಬುದನ್ನು ಯಾವುದರಿಂದ ಅಳೆಯಬೇಕು ಎಂದು ಅದು ಹೇಳುವುದಿಲ್ಲ.

ದೊಡ್ಡ ಗ್ರಾಹಕ ಸಂಸ್ಥೆಯೊಂದು 5 ಲಕ್ಷ ಡಾಲರ್ ಕೊಟ್ಟು ಆದ್ಯತಾ ಷೇರು ಕೊಳ್ಳುತ್ತದೆ ಎಂದುಕೊಳ್ಳಿ. ಅದೇ ದಿನ ಸಹಿಯಾದ ಇನ್ನೊಂದು ಕರಾರಿನಲ್ಲಿ ಆ ಸಂಸ್ಥೆಗೆ 3 ವರ್ಷಗಳ ಏಕಮಾತ್ರ ವಿತರಣಾ ಹಕ್ಕು ಸಿಗುತ್ತದೆ, ಜೊತೆಗೆ ಕಂಪನಿ ಅದೇ ಸಂಸ್ಥೆಯಿಂದ 4 ಲಕ್ಷ ಡಾಲರ್ ಮೌಲ್ಯದ ಸೇವೆ ಕೊಳ್ಳಲು ಒಪ್ಪಿಕೊಳ್ಳುತ್ತದೆ. ಷೇರು ಖರೀದಿ ಕರಾರನ್ನು ಮಾತ್ರ ಓದಿದವರಿಗೆ ಇದು ಬಂಡವಾಳ ಸಂಗ್ರಹ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ವಿತರಣಾ ಹಕ್ಕಿನ ಮಾರಾಟ, ಅದರ ಬೆಲೆಯ ಒಂದು ಭಾಗ ಷೇರಿನ ಬೆಲೆಯೆಂಬ ಹೆಸರಿನಲ್ಲಿ ಬಂದಿದೆ. ಹೀಗಾಗಿ ವ್ಯಾಖ್ಯೆಯಲ್ಲಿ ‘ಅದೇ ಹೂಡಿಕೆದಾರರೊಂದಿಗೆ ಅದೇ ಅವಧಿಯಲ್ಲಿ ಆದ ಎಲ್ಲ ಕರಾರುಗಳನ್ನೂ ಒಟ್ಟಾಗಿ ಪರಿಗಣಿಸಿ’ ಎಂಬ ಮಾತು ಇರಬೇಕು. ಸಣ್ಣ ಸೇರ್ಪಡೆ, ಆದರೆ ಇದಿಲ್ಲದಿದ್ದರೆ ಪಕ್ಕದ ಕರಾರನ್ನು ನೋಡಲು ದಾರಿಯೇ ಇರುವುದಿಲ್ಲ.

ಕಂಪನಿ ಸ್ವಾಧೀನಕ್ಕೆ ಪ್ರತಿಯಾಗಿ ಕೊಡುವ ಷೇರು, ನೌಕರರ ಷೇರು ಆಯ್ಕೆ ಯೋಜನೆ, ಸಲಹೆಗಾರರಿಗೆ ಶುಲ್ಕದ ಬದಲು ಕೊಡುವ ಷೇರು ಇವನ್ನು ಹೆಸರು ಹೇಳಿಯೇ ಹೊರಗಿಡುವುದು ವಾಡಿಕೆ. ಇದರಲ್ಲಿ ವಿವಾದ ಕಡಿಮೆ.

ಹಂತ 3: ಹಣ ಎಲ್ಲಿಗೆ ಬಂತು, ಎಷ್ಟು ಉಳಿಯಿತು

ಉದ್ದೇಶ ಮನಸ್ಸಿನೊಳಗಿನದು, ಹಣ ಖಾತೆಯಲ್ಲಿರುವುದು. ಸಾಬೀತು ಮಾಡಲು ಎರಡನೆಯದೇ ಸುಲಭ. ಒಳ್ಳೆಯ ವ್ಯಾಖ್ಯೆ ಇಲ್ಲಿ ಹೆಚ್ಚು ಪದಗಳನ್ನು ಖರ್ಚು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ನೋಡಬೇಕಾದದ್ದು ಹಣ ಕಂಪನಿಗೆ ಬಂತೋ, ಷೇರುದಾರರ ಜೇಬಿಗೆ ಹೋಯಿತೋ ಎಂಬುದನ್ನು. ಹಳೆಯ ಷೇರುದಾರರು ತಮ್ಮ ಷೇರುಗಳನ್ನು ಹೊಸಬರಿಗೆ ಮಾರಿದರೆ ಕಂಪನಿಗೆ ಒಂದು ಡಾಲರ್ ಕೂಡ ಬರುವುದಿಲ್ಲ; ಅದು ಹಣಕಾಸು ವಹಿವಾಟು ಅಲ್ಲ. ‘ಕಂಪನಿಯು ಹೊಸದಾಗಿ ಹೊರಡಿಸಿ ಮಾರುವ’ ಎಂಬ ಪದಗಳು ಇದನ್ನು ಹೊರಗಿಡುತ್ತವೆ. ಆದರೆ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಹೊಸಬರು ಕಂಪನಿಗೇ 1 ಕೋಟಿ ಡಾಲರ್ ಕೊಟ್ಟು ಶೇ 55ರಷ್ಟು ಷೇರು ಪಡೆಯುತ್ತಾರೆ, ಅದರಲ್ಲಿ 80 ಲಕ್ಷ ಡಾಲರನ್ನು ಕಂಪನಿ ಅದೇ ವಾರ ಸಂಸ್ಥಾಪಕರ ಷೇರುಗಳನ್ನು ಮರಳಿ ಕೊಳ್ಳಲು ಬಳಸುತ್ತದೆ. ಕಾಗದದ ಮೇಲೆ ಇದು ಹೊಸ ಷೇರು ಮಾರಾಟವೇ, ಹಣ ಕಂಪನಿಯ ಖಾತೆಗೆ ಬಂದದ್ದೂ ನಿಜವೇ. ಪರಿಣಾಮದಲ್ಲಿ ಮಾತ್ರ ಸಂಸ್ಥಾಪಕರು ಕಂಪನಿಯನ್ನು ಮಾರಿ ಹಣ ತೆಗೆದುಕೊಂಡಿದ್ದಾರೆ, ಆದ್ಯತಾ ಷೇರುದಾರರಿಗೆ ಮೊದಲು ಸಲ್ಲಬೇಕಾದ ಮೊತ್ತ ಸಂದಿಲ್ಲ. ಇದನ್ನು ತಡೆಯಬೇಕಾದರೆ, ಬಂದ ಹಣದಲ್ಲಿ ಷೇರು ಮರುಖರೀದಿಗೆ, ಲಾಭಾಂಶಕ್ಕೆ ಅಥವಾ ಸಂಬಂಧಿತರ ಸಾಲ ತೀರಿಸಲು ಹೋಗುವ ಭಾಗ ಇಂತಿಷ್ಟು ಶೇಕಡಾ ಮೀರಿದರೆ ವಿನಾಯಿತಿ ಸಿಗುವುದಿಲ್ಲ ಎಂದು ಬರೆಯಬೇಕು.

ಹಣ ಒಂದು ಸುತ್ತು ಹೊಡೆದು ಬಂದ ದಾರಿಯಲ್ಲೇ ವಾಪಸು ಹೋಗುವುದೂ ಇದೆ. ಹೂಡಿಕೆಯಾಗಿ ಬಂದ ಹಣ ಸಲಹಾ ಶುಲ್ಕ, ಪರವಾನಗಿ ಶುಲ್ಕ ಅಥವಾ ಠೇವಣಿಯ ಹೆಸರಿನಲ್ಲಿ ಅದೇ ಹೂಡಿಕೆದಾರರಿಗೆ ಮರಳಿದರೆ ಸಂಗ್ರಹವಾದ ಬಂಡವಾಳ ಶೂನ್ಯ. ಆದ್ದರಿಂದ ‘ಕಂಪನಿಯ ಖಾತೆಗೆ ನಿಜವಾಗಿ ಜಮೆಯಾದ, ಮರಳಿಸುವ ಯಾವುದೇ ಒಪ್ಪಂದಕ್ಕೆ ಒಳಪಡದ ನಿವ್ವಳ ನಗದು’ ಎಂಬಂಥ ಮಾತು ಬೇಕು. ನಗದಿನ ಬದಲು ಮುಂದೆ ಹಣ ಕೊಡುವ ಭರವಸೆಪತ್ರ ಕೊಟ್ಟು ಷೇರು ಪಡೆಯುವುದನ್ನೂ ಈ ಮಾತು ಹೊರಗಿಡುತ್ತದೆ.

ಇನ್ನು ಹಳೆಯ ಸಾಲದ ಪರಿವರ್ತನೆ. ಇಲ್ಲಿಯೇ ಹಂತ 1ರಲ್ಲಿ ಹೇಳಿದ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪರಿವರ್ತನೀಯ ಸಾಲಪತ್ರದ ಕನಿಷ್ಠ ಮೊತ್ತ 10 ಲಕ್ಷ ಡಾಲರ್ ಎಂದಿದೆ; ಸುತ್ತಿನಲ್ಲಿ ಹೊಸದಾಗಿ ಬಂದ ನಗದು 3.5 ಲಕ್ಷ, ಪರಿವರ್ತನೆಯಾಗುವ ಹಳೆಯ ಸಾಲಪತ್ರಗಳು 6.5 ಲಕ್ಷ. ಎರಡನ್ನೂ ಕೂಡಿಸಿದರೆ ಮಿತಿ ಮುಟ್ಟುತ್ತದೆ. ಆದರೆ ಕನಿಷ್ಠ ಮೊತ್ತ ಇಟ್ಟಿದ್ದರ ಉದ್ದೇಶವೇ ಹೊರಗಿನ ಮಾರುಕಟ್ಟೆ ಕಂಪನಿಯನ್ನು ಒಪ್ಪಿದೆಯೇ ಎಂದು ತಿಳಿಯುವುದು. ಹಳೆಯ ಸಾಲ ಅದಕ್ಕೆ ಸಾಕ್ಷಿಯಲ್ಲ, ಮೇಲಾಗಿ ಪರಿವರ್ತನೆಯಾಗಬೇಕೇ ಎಂಬ ಪ್ರಶ್ನೆಗೆ ಆ ಪರಿವರ್ತನೆಯನ್ನೇ ಉತ್ತರವಾಗಿ ಕೊಟ್ಟಂತಾಗುತ್ತದೆ. ಹಾಗಾಗಿ ಸಾಲಪತ್ರಗಳಲ್ಲಿ ‘ಪರಿವರ್ತನೆಯಾಗುವ ಸಾಲಪತ್ರ ಮತ್ತು ಸೇಫ್‌ಗಳ ಮೊತ್ತವನ್ನು ಬಿಟ್ಟು’ ಎಂಬ ಪದಗಳು ಇರಬೇಕು. ಅದೇ, ನಿಯಂತ್ರಣ ಬದಲಾವಣೆಯ ವಿನಾಯಿತಿಯಲ್ಲಿ ಇದರ ವಿರುದ್ಧ ದಿಕ್ಕಿನ ಮಾತು ಕಾಣುತ್ತದೆ: ಕಂಪನಿಗೆ ನಗದು ಬಂದರೂ ಸರಿ, ಕಂಪನಿಯ ಸಾಲ ರದ್ದಾದರೂ ಅಥವಾ ಷೇರಾಗಿ ಬದಲಾದರೂ ಸರಿ, ಎರಡೂ ನೈಜ ಹಣಕಾಸು ವಹಿವಾಟೇ. ಅಲ್ಲಿ ಪ್ರಶ್ನೆ ಮಾರುಕಟ್ಟೆಯ ಒಪ್ಪಿಗೆಯದಲ್ಲ, ಕಂಪನಿಯ ಆರ್ಥಿಕ ಸ್ಥಿತಿ ಬಲವಾಯಿತೇ ಎಂಬುದು. ಸಾಲ ಇಳಿದರೂ ಅದು ಬಲವಾಗುತ್ತದೆ. ಒಂದು ಪತ್ರದ ವಾಕ್ಯವನ್ನು ಇನ್ನೊಂದಕ್ಕೆ ಅಂಟಿಸುವವರು ಎಡವುವುದು ಬಹುತೇಕ ಇಲ್ಲಿಯೇ.

ಹಂತ 4: ಎದುರು ಪಕ್ಷ ಯಾರು

ತೋರಿಕೆಯ ಸುತ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಒಬ್ಬರು 2 ಲಕ್ಷ ಡಾಲರ್ ಪರಿವರ್ತನೀಯ ಸಾಲ ಕೊಟ್ಟಿದ್ದಾರೆ. ಮುಂದಿನ ಸುತ್ತಿನ ಬೆಲೆಯ ಮೇಲೆ ಶೇ 20 ರಿಯಾಯಿತಿ ಇದೆ, ಪರಿವರ್ತನೆಯ ಲೆಕ್ಕಕ್ಕೆ ಬಳಸುವ ಮೌಲ್ಯಮಾಪನಕ್ಕೆ ಗರಿಷ್ಠ ಮಿತಿ ಇಲ್ಲ, ಕನಿಷ್ಠ ಮೊತ್ತವೂ ಇಲ್ಲ. ಕಂಪನಿಯಲ್ಲಿ 80 ಲಕ್ಷ ಷೇರುಗಳಿವೆ. ಲೆಕ್ಕ ಸುಲಭವಾಗಲೆಂದು ಬಡ್ಡಿಯನ್ನು ಬಿಡೋಣ. ಸ್ವತಂತ್ರ ಹೂಡಿಕೆದಾರರು ಹೂಡಿಕೆಗೆ ಮುನ್ನ ಕಂಪನಿಯ ಮೌಲ್ಯ 80 ಲಕ್ಷ ಡಾಲರ್ ಎಂದು ಒಪ್ಪಿ ಬಂದರೆ ಒಂದು ಷೇರಿಗೆ 1 ಡಾಲರ್. ಸಾಲ ಕೊಟ್ಟವರಿಗೆ 80 ಸೆಂಟ್‌ಗೆ ಒಂದರಂತೆ 2,50,000 ಷೇರು ಸಿಗುತ್ತದೆ. ಇದಕ್ಕೆ ಮೊದಲೇ ಸಂಸ್ಥಾಪಕರ ಆಪ್ತರೊಬ್ಬರು 25,000 ಡಾಲರ್ ತಂದು, ಕಂಪನಿಯ ಮೌಲ್ಯ 4 ಕೋಟಿ ಡಾಲರ್ ಎಂದು ಬರೆದುಕೊಂಡು ಆದ್ಯತಾ ಷೇರು ಪಡೆದರೆ ಒಂದು ಷೇರಿನ ಬೆಲೆ 5 ಡಾಲರ್. ಸಾಲ ಕೊಟ್ಟವರಿಗೆ 4 ಡಾಲರ್‌ಗೆ ಒಂದರಂತೆ ಸಿಗುವುದು 50,000 ಷೇರು ಮಾತ್ರ. ಆಪ್ತರಿಗೆ ನಷ್ಟವಾದರೂ ಅದು 25,000 ಡಾಲರ್ ಒಳಗಿನದು. ಉಳಿದ ಷೇರುದಾರರೆಲ್ಲರ ಪಾಲು ಉಳಿದುಕೊಂಡಿತು.

ತದ್ವಿರುದ್ಧ ದಿಕ್ಕಿನಲ್ಲೂ ಇದು ನಡೆಯಬಹುದು. ಸಾಲಪತ್ರ ಹೊಂದಿದವರೇ ಕಂಪನಿಯ ನಿಯಂತ್ರಣದಲ್ಲಿದ್ದರೆ ಷೇರಿಗೆ 10 ಸೆಂಟ್ ಎಂಬ ಪುಟ್ಟ ಸುತ್ತೊಂದನ್ನು ಮಾಡಿಕೊಂಡು, ತಮ್ಮ 2 ಲಕ್ಷ ಡಾಲರ್ ಸಾಲಕ್ಕೆ 8 ಸೆಂಟ್‌ಗೆ ಒಂದರಂತೆ 25 ಲಕ್ಷ ಷೇರು ಪಡೆಯಬಹುದು. ಆಗ ನಷ್ಟ ಸಂಸ್ಥಾಪಕರದು ಮತ್ತು ನೌಕರರದು.

ಎರಡಕ್ಕೂ ಔಷಧ ಒಂದೇ: ಸುತ್ತಿನ ಬೆಲೆಯನ್ನು ನಿಗದಿ ಮಾಡುವವರು ಆ ಬೆಲೆಯಿಂದ ಬೇರೆ ದಾರಿಯಲ್ಲಿ ಲಾಭ ಪಡೆಯದವರಾಗಿರಬೇಕು. ‘ಪರಸ್ಪರ ಸ್ವತಂತ್ರವಾಗಿ ಚೌಕಾಸಿ ನಡೆಸಿದ ಪಕ್ಷಗಳ ನಡುವೆ’ ಎಂಬ ಮಾತು ಸಾಮಾನ್ಯ. ಅದರ ಜೊತೆಗೆ ಶೇಕಡಾವಾರು ಪರೀಕ್ಷೆಯೊಂದನ್ನು ಇಡುವುದನ್ನು ನಾನು ಶಿಫಾರಸು ಮಾಡುತ್ತೇನೆ: ಹೊಸ ನಗದಿನ ಕನಿಷ್ಠ ಅರ್ಧದಷ್ಟಾದರೂ ಆ ಮೊದಲು ಕಂಪನಿಯ ಷೇರನ್ನಾಗಲಿ ಸಾಲಪತ್ರವನ್ನಾಗಲಿ ಹೊಂದಿರದ, ಸಂಸ್ಥಾಪಕರ ಕುಟುಂಬದವರೂ ಸಂಬಂಧಿತ ಸಂಸ್ಥೆಗಳೂ ಅಲ್ಲದ ಹೂಡಿಕೆದಾರರಿಂದ ಬರಬೇಕು. ವಿಶೇಷಣಗಳಿಗಿಂತ ಶೇಕಡಾವಾರು ಮೇಲು, ಏಕೆಂದರೆ ಅದನ್ನು ಷೇರುದಾರರ ಪಟ್ಟಿ ನೋಡಿಯೇ ಪರಿಶೀಲಿಸಬಹುದು.

ಆದರೆ ಇದನ್ನು ಬಿಗಿ ಮಾಡುತ್ತಾ ಹೋದರೆ ಬೇರೆ ತೊಂದರೆ ಎದುರಾಗುತ್ತದೆ. ಮಾರುಕಟ್ಟೆ ಕೆಟ್ಟಿರುವಾಗ ಹೊರಗಿನವರು ಯಾರೂ ಬಾರದೆ, ಹಳೆಯ ಹೂಡಿಕೆದಾರರೇ ನಿಜವಾದ ಹಣ ಹಾಕಿ ಕಂಪನಿಯನ್ನು ಉಳಿಸುವುದು ಅಪರೂಪವಲ್ಲ. ವ್ಯಾಖ್ಯೆ ಅಂಥ ಸುತ್ತನ್ನೂ ಹೊರಗಿಟ್ಟರೆ ಹಳೆಯ ಸಾಲ ಹಾಗೆಯೇ ಉಳಿದು, ಅವಧಿ ಮುಗಿದ ದಿನ ಮರುಪಾವತಿಯ ಬೇಡಿಕೆಯಾಗಿ ಕಂಪನಿಯ ಮೇಲೆ ಬೀಳುತ್ತದೆ. ಇದಕ್ಕೆ ಪರಿಹಾರವಾಗಿ ‘ಅರ್ಹವಲ್ಲದ’ ಸುತ್ತುಗಳಲ್ಲಿ ಪರಿವರ್ತನೆ ತಾನಾಗಿ ಆಗುವುದಿಲ್ಲ, ಆದರೆ ಒಟ್ಟು ಸಾಲದ ಮೊತ್ತದಲ್ಲಿ ಬಹುಮತ ಹೊಂದಿದ ಸಾಲಪತ್ರದಾರರು ಲಿಖಿತವಾಗಿ ಒಪ್ಪಿದರೆ ಆಗಬಹುದು ಎಂಬ ಎರಡನೆಯ ಬಾಗಿಲನ್ನು ಇಡಬೇಕು. ಆ ಬಹುಮತವನ್ನು ಎಣಿಸುವಾಗ ಕಂಪನಿಯ ಒಳಗಿನವರ ಕೈಯಲ್ಲಿರುವ ಸಾಲಪತ್ರಗಳನ್ನು ಬಿಡಬೇಕು. ಇಲ್ಲದಿದ್ದರೆ ಮೇಲೆ ಹೇಳಿದ 10 ಸೆಂಟ್ ಸುತ್ತು ಇದೇ ಬಾಗಿಲಿನಿಂದ ಒಳಗೆ ಬರುತ್ತದೆ.

ಹಂತ 5: ಬೆಲೆ ನಿಗದಿಯಾಗಿದೆಯೇ

ಇದು ಚಿಕ್ಕ ಹಂತ. ಪರಿವರ್ತನೆಗೆ ಒಂದು ಬೆಲೆ ಬೇಕು. ಮತ್ತೊಂದು ಸಾಲಪತ್ರವನ್ನೋ ಸೇಫನ್ನೋ ಮಾರುವ ಸುತ್ತಿನಲ್ಲಿ ಬೆಲೆ ಇರುವುದಿಲ್ಲ, ಗರಿಷ್ಠ ಮಿತಿ ಮಾತ್ರ ಇರುತ್ತದೆ. ‘ನಿಗದಿತ ಮೌಲ್ಯಮಾಪನ’ ಎಂಬ ಪದಗಳು ಇರುವುದು ಇದಕ್ಕಾಗಿಯೇ. ಹೂಡಿಕೆಗೆ ಮುಂಚಿನ ಮೌಲ್ಯವೋ ನಂತರದ ಮೌಲ್ಯವೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಗುರಿ ತಲುಪಿದರೆ ಬೆಲೆ ಬದಲಾಗುವಂಥ ಕರಾರುಗಳಲ್ಲಿ, ಪರಿವರ್ತನೆಗೆ ಅನ್ವಯಿಸುವುದು ಹಣ ಮತ್ತು ಷೇರು ಕೈಬದಲಾಗುವ ಮೊದಲ ಕ್ಲೋಸಿಂಗ್‌ನ ಬೆಲೆಯೋ ಅಥವಾ ಹೊಂದಾಣಿಕೆಯ ನಂತರದ್ದೋ ಎಂಬುದನ್ನೂ ಹೇಳಬೇಕು.

ಹಂತ 6: ಸರಣಿಯನ್ನು ಎಲ್ಲಿ ಆರಂಭಿಸಿ ಎಲ್ಲಿ ಮುಗಿಸಬೇಕು

ಹಣ ಕಂತುಗಳಲ್ಲಿ ಬರುವುದು ಸಹಜವಾದ್ದರಿಂದ ‘ವಹಿವಾಟು ಅಥವಾ ವಹಿವಾಟುಗಳ ಸರಣಿ’ ಎಂಬ ಮಾತು ಬೇಕೇ ಬೇಕು. ಆದರೆ ಸರಣಿಗೆ ಗಡಿಯಿಲ್ಲದಿದ್ದರೆ, 14 ತಿಂಗಳ ಹಿಂದೆ ಬಂದ 3 ಲಕ್ಷ ಡಾಲರ್ ಮತ್ತು ಇಂದು ಬಂದ 7 ಲಕ್ಷ ಡಾಲರ್ ಒಂದೇ ವಹಿವಾಟೇ ಎಂದು ಜಗಳವಾಡಬೇಕಾಗುತ್ತದೆ. ಮೂರು ಗುರುತುಗಳು ಸಾಕು: ಒಂದೇ ಷೇರು ಖರೀದಿ ಕರಾರು, ಒಂದೇ ಬೆಲೆ, ಮೊದಲ ಕ್ಲೋಸಿಂಗ್‌ನಿಂದ ನಿಗದಿತ ದಿನಗಳ ಮಿತಿ.

ಇದರ ಜೊತೆಗೆ ಪರಿವರ್ತನೆ ಯಾವ ದಿನ ಆಗುತ್ತದೆ ಎಂಬುದನ್ನು ಮರೆಯಬಾರದು. ಕನಿಷ್ಠ ಮೊತ್ತ ಮೂರನೆಯ ಕಂತಿನಲ್ಲಿ ಭರ್ತಿಯಾದರೆ ಪರಿವರ್ತನೆಯೂ ಅಂದೇ. ಆದರೆ ಬಡ್ಡಿ ಅಂದಿನವರೆಗೆ ಬೆಳೆದಿರುತ್ತದೆ, ಷೇರುಗಳ ಒಟ್ಟು ಸಂಖ್ಯೆಯೂ ಮೊದಲ ಎರಡು ಕಂತುಗಳಿಂದ ಹೆಚ್ಚಿರುತ್ತದೆ. ಗರಿಷ್ಠ ಮೌಲ್ಯಮಾಪನದ ಲೆಕ್ಕದಲ್ಲಿ ಆ ಕಂತುಗಳ ಷೇರುಗಳನ್ನು ಸೇರಿಸಬೇಕೇ ಬಿಡಬೇಕೇ ಎಂದು ಕರಾರು ಹೇಳದಿದ್ದರೆ ಎರಡೂ ಪಕ್ಷದ ಲೆಕ್ಕಪತ್ರಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಹಂತ 7: ತೀರ್ಮಾನ ಯಾರದು, ಯಾವ ಅಳತೆಗೋಲಿನಿಂದ

‘ನಿರ್ದೇಶಕ ಮಂಡಳಿಯು ಸದ್ಭಾವನೆಯಿಂದ ನಿರ್ಧರಿಸಿದಂತೆ’ ಎಂಬ ನಾಲ್ಕು ಪದಗಳು ಬಹಳ ಸೌಮ್ಯವಾಗಿ ಕಾಣುತ್ತವೆ. ಅವು ಮಾಡುವ ಕೆಲಸವೇನೆಂದರೆ, ವಹಿವಾಟು ನೈಜವೇ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ, ಮಂಡಳಿ ಹಾಗೆಂದು ಪ್ರಾಮಾಣಿಕವಾಗಿ ನಂಬಿತ್ತೇ ಎಂಬ ಪ್ರಶ್ನೆಯನ್ನು ಅದರ ಜಾಗದಲ್ಲಿ ಇಡುವುದು. ಎರಡನೆಯದನ್ನು ಸುಳ್ಳೆಂದು ತೋರಿಸುವುದು ಎಷ್ಟೋ ಪಟ್ಟು ಕಷ್ಟ.

ಸದ್ಭಾವನೆಗೂ ಎರಡು ಅಳತೆಗಳಿವೆ. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ಮೊದಲ ಅಧ್ಯಾಯದಲ್ಲಿ ಹಿಂದೆ ಸದ್ಭಾವನೆ ಎಂದರೆ ಸಂಬಂಧಪಟ್ಟ ವಹಿವಾಟಿನಲ್ಲಿ ವಾಸ್ತವವಾಗಿ ಪ್ರಾಮಾಣಿಕರಾಗಿರುವುದು ಎಂದಷ್ಟೇ ಇತ್ತು; 2001ರ ಪರಿಷ್ಕರಣೆ ಅದಕ್ಕೆ, ನ್ಯಾಯಯುತ ವ್ಯವಹಾರದ ಸಮಂಜಸ ವಾಣಿಜ್ಯ ಮಾನದಂಡಗಳನ್ನು ಪಾಲಿಸುವುದು ಎಂಬ ಇನ್ನೊಂದು ಅಂಶವನ್ನು ಸೇರಿಸಿತು. ಮೊದಲನೆಯದು ವ್ಯಕ್ತಿಯ ಮನಸ್ಸನ್ನು ಕೇಳುತ್ತದೆ, ಎರಡನೆಯದು ಅದೇ ಜಾಗದಲ್ಲಿ ಬೇರೆ ವ್ಯವಹಾರಸ್ಥರು ಹೀಗೆ ಮಾಡುತ್ತಿದ್ದರೇ ಎಂದು ಕೇಳುತ್ತದೆ. ನಿಮ್ಮ ಕರಾರು ಇವೆರಡರಲ್ಲಿ ಯಾವುದನ್ನು ಬಯಸುತ್ತದೆ ಎಂಬುದನ್ನು ಕರಾರಿನಲ್ಲೇ ಬರೆಯುವುದು ಕ್ಷೇಮ. ಪ್ರತಿಯೊಂದು ಕರಾರಿನಲ್ಲೂ ಸದ್ಭಾವನೆಯ ಬಾಧ್ಯತೆ ಅಡಕವಾಗಿಯೇ ಇರುತ್ತದೆ ಎಂಬ ತತ್ವ ಅಮೆರಿಕದ ಕಾನೂನಿನಲ್ಲಿ ಇದೆ ನಿಜ, ಆದರೆ ಡೆಲವೇರ್ ನ್ಯಾಯಾಲಯಗಳು ಅದನ್ನು ಕರಾರಿನಲ್ಲಿ ಬಿಟ್ಟುಹೋದ ಜಾಗ ತುಂಬಲು ಮಾತ್ರ, ಅದೂ ಬಹಳ ಜಿಪುಣತನದಿಂದ ಬಳಸುತ್ತವೆ. ಬರೆಯಬಹುದಾಗಿದ್ದ ಷರತ್ತನ್ನು ಬರೆಯದೆ ಬಿಟ್ಟವರಿಗೆ ಆ ತತ್ವದಿಂದ ಹೆಚ್ಚಿನ ನೆರವು ಸಿಗುವುದಿಲ್ಲ.

ನಡುದಾರಿಯೊಂದಿದೆ: ಮಂಡಳಿಯೇ ನಿರ್ಧರಿಸಲಿ, ಆದರೆ ಆ ಸುತ್ತಿನಲ್ಲಿ ಸ್ವಂತ ಹಿತಾಸಕ್ತಿ ಇಲ್ಲದ ನಿರ್ದೇಶಕರ ಬಹುಮತ ಅದರಲ್ಲಿ ಇರಲಿ.

ಸಾಲದ ಕಡೆಯ ವ್ಯಾಖ್ಯೆಗಳು

ಸಾಲವೆಂದು ಕರೆದದ್ದು ಸಾಲವೇ ಎಂಬ ಪ್ರಶ್ನೆಯಲ್ಲಿ ಕಾನೂನಿಗೆ ಹಳೆಯ ಅನುಭವವಿದೆ, ಕರಾರು ಬರೆಯುವವರು ಅದನ್ನು ಎರವಲು ಪಡೆಯಬಹುದು. ಗುತ್ತಿಗೆ ಎಂಬ ಹೆಸರಿನ ಪತ್ರ ನಿಜವಾಗಿ ಗುತ್ತಿಗೆಯೋ ಅಥವಾ ವಸ್ತುವನ್ನು ಭದ್ರತೆಯಾಗಿಟ್ಟುಕೊಂಡ ಸಾಲವೋ ಎಂಬುದಕ್ಕೆ ಅದೇ ವಾಣಿಜ್ಯ ಸಂಹಿತೆಯ 1-203ನೆಯ ವಿಧಿ ಉತ್ತರ ಕೊಡುತ್ತದೆ. ಗುತ್ತಿಗೆಗೆ ಪಡೆದವರು ಮಧ್ಯದಲ್ಲಿ ಬಿಡುವಂತಿಲ್ಲದೆ, ಗುತ್ತಿಗೆಯ ಅವಧಿ ವಸ್ತುವಿನ ಉಳಿದ ಆರ್ಥಿಕ ಆಯುಷ್ಯದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಕೊನೆಯಲ್ಲಿ 1 ಡಾಲರ್‌ನಂಥ ನಾಮಮಾತ್ರದ ಬೆಲೆಗೆ ವಸ್ತು ಅವರದಾಗುವ ಆಯ್ಕೆ ಇದ್ದರೆ, ಹೆಸರೇನೇ ಇರಲಿ, ಅದು ಭದ್ರತೆಯುಳ್ಳ ಸಾಲ. ವ್ಯಾಪಾರಿಗಳ ಮುಂದಿನ ಆದಾಯವನ್ನು ‘ಕೊಳ್ಳುವ’ ಕರಾರುಗಳ ಬಗ್ಗೆ ನ್ಯೂಯಾರ್ಕ್ ನ್ಯಾಯಾಲಯಗಳು ಮೂರು ವಿಷಯ ನೋಡುತ್ತವೆ: ಆದಾಯ ಇಳಿದಾಗ ಕಂತನ್ನು ಹೊಂದಿಸುವ ಅವಕಾಶವಿದೆಯೇ, ಕರಾರಿಗೆ ನಿಶ್ಚಿತ ಅವಧಿಯಿದೆಯೇ, ವ್ಯಾಪಾರಿ ದಿವಾಳಿಯಾದರೆ ಹಣ ಕೊಟ್ಟವರಿಗೆ ವಸೂಲಿಯ ಹಕ್ಕು ಇದೆಯೇ. ಎರಡರಲ್ಲೂ ತರ್ಕ ಒಂದೇ, ನಷ್ಟದ ಹೊರೆ ಯಾರ ಮೇಲಿದೆ ಎಂದು ನೋಡುವುದು.

ಇದನ್ನು ಷೇರು ಒತ್ತೆಯ ವಿನಾಯಿತಿಗೆ ಅನ್ವಯಿಸಿ ನೋಡಿ. ಸಂಸ್ಥಾಪಕರು ತಮ್ಮ ಷೇರುಗಳನ್ನು ‘ನೈಜ ಸಾಲ’ಕ್ಕೆ ಒತ್ತೆಯಿಟ್ಟಿದ್ದಾರೆ. ಸಾಲದ ಮೊತ್ತ ಷೇರುಗಳ ಪೂರ್ಣ ಮೌಲ್ಯಕ್ಕೆ ಸಮ, ಒತ್ತೆಯ ಷೇರು ಬಿಟ್ಟರೆ ಸಾಲ ಪಡೆದವರ ಮೇಲೆ ಬೇರೆ ಯಾವ ವಸೂಲಿ ಹಕ್ಕೂ ಇಲ್ಲ, ಮತಾಧಿಕಾರ ಮೊದಲ ದಿನದಿಂದಲೇ ಸಾಲ ಕೊಟ್ಟವರಿಗೆ. ಇದು ಮಾರಾಟವಲ್ಲದೆ ಇನ್ನೇನೂ ಅಲ್ಲ. ಆದ್ದರಿಂದ ಸಾಲ ಕೊಡುವವರು ಸಾಲ ಕೊಡುವುದನ್ನೇ ವೃತ್ತಿಯಾಗಿ ಹೊಂದಿದ ಸಂಬಂಧರಹಿತ ಸಂಸ್ಥೆಯಾಗಿರಬೇಕು, ಮರುಪಾವತಿಯ ವೈಯಕ್ತಿಕ ಹೊಣೆ ಇರಬೇಕು, ಕಂತು ತಪ್ಪುವವರೆಗೆ ಮತಾಧಿಕಾರ ಸಂಸ್ಥಾಪಕರಲ್ಲೇ ಉಳಿಯಬೇಕು, ಷೇರು ಕೈಬದಲಾದರೆ ಹೊಸ ಒಡೆಯರೂ ಷೇರುದಾರರ ಕರಾರಿಗೆ ಬದ್ಧರಾಗಬೇಕು ಎಂದು ಬರೆಯಬೇಕು. ದೊಡ್ಡ ಸಾಲ ಕರಾರುಗಳಲ್ಲಿ ಪ್ರತಿಸ್ಪರ್ಧಿ ಕಂಪನಿಗಳು ಸಾಲದ ಪಾಲು ಕೊಳ್ಳದಂತೆ ತಡೆದು, ಅವುಗಳ ಅಧೀನದಲ್ಲಿದ್ದರೂ ಸ್ವತಂತ್ರವಾಗಿ ಸಾಲ ವ್ಯವಹಾರವನ್ನೇ ನಡೆಸುವ ‘ನೈಜ ಸಾಲ ನಿಧಿ’ಗಳಿಗೆ ಮಾತ್ರ ಅವಕಾಶ ಕೊಡುವುದು ಇದೇ ಆಲೋಚನೆಯ ಇನ್ನೊಂದು ರೂಪ.

ಹಂತ 8: ಬರೆದು ನೋಡಿ, ಮುರಿದು ನೋಡಿ

ಪರಿವರ್ತನೀಯ ಸಾಲಪತ್ರಕ್ಕೆ ಹೊಂದುವ ಒಂದು ಕರಡು ಹೀಗಿರಬಹುದು. ಅಂಕಿಗಳು ಉದಾಹರಣೆಗೆ ಮಾತ್ರ.

“‘ಅರ್ಹ ಹಣಕಾಸು ವಹಿವಾಟು’ ಎಂದರೆ, ಬಂಡವಾಳ ಸಂಗ್ರಹವನ್ನೇ ಮುಖ್ಯ ಉದ್ದೇಶವಾಗಿ ಹೊಂದಿದ್ದು, ಕಂಪನಿಯು ಪರಸ್ಪರ ಸ್ವತಂತ್ರ ಪಕ್ಷಗಳ ನಡುವೆ ಒಪ್ಪಿತವಾದ ನಿಗದಿತ ಮೌಲ್ಯಮಾಪನದಲ್ಲಿ ಆದ್ಯತಾ ಷೇರುಗಳನ್ನು ಹೊಸದಾಗಿ ಹೊರಡಿಸಿ ಮಾರುವ ಒಂದು ನೈಜ ವಹಿವಾಟು, ಅಥವಾ ಒಂದೇ ಷೇರು ಖರೀದಿ ಕರಾರಿನಡಿ ಒಂದೇ ಬೆಲೆಗೆ ಮೊದಲ ಕ್ಲೋಸಿಂಗ್‌ನಿಂದ 120 ದಿನಗಳೊಳಗೆ ನಡೆಯುವ ಇಂಥ ವಹಿವಾಟುಗಳ ಸರಣಿ, ಇದರಿಂದ, ಪರಿವರ್ತನೆಯಾಗುವ ಸಾಲಪತ್ರಗಳ ಮತ್ತು ಇತರ ಪರಿವರ್ತನೀಯ ಪತ್ರಗಳ ಮೊತ್ತವನ್ನು ಬಿಟ್ಟು, ಮರಳಿಸುವ ಯಾವುದೇ ಒಪ್ಪಂದಕ್ಕೆ ಒಳಪಡದ ಕನಿಷ್ಠ 10 ಲಕ್ಷ ಡಾಲರ್ ನಗದು ಕಂಪನಿಯ ಖಾತೆಗೆ ಜಮೆಯಾಗಿರಬೇಕು ಮತ್ತು ಅದರಲ್ಲಿ ಕನಿಷ್ಠ ಶೇ 50 ಭಾಗ ಸಂಬಂಧಿತರಲ್ಲದ ಹೊಸ ಹೂಡಿಕೆದಾರರಿಂದ ಬಂದಿರಬೇಕು. ಉದ್ದೇಶವನ್ನೂ ನಿವ್ವಳ ನಗದನ್ನೂ ನಿರ್ಧರಿಸುವಾಗ ಅದೇ ಹೂಡಿಕೆದಾರರೊಂದಿಗೆ ಮೊದಲ ಕ್ಲೋಸಿಂಗ್‌ನ ಹಿಂದಿನ ಮತ್ತು ಮುಂದಿನ 6 ತಿಂಗಳಲ್ಲಿ ಆದ ಎಲ್ಲ ಕರಾರುಗಳನ್ನೂ ಒಟ್ಟಾಗಿ ಪರಿಗಣಿಸತಕ್ಕದ್ದು.”

ಕರಡು ಸಿದ್ಧವಾದ ಮೇಲೆ ಅದನ್ನು ಮುರಿಯಲು ಪ್ರಯತ್ನಿಸಬೇಕು. ಎದುರು ಪಕ್ಷದ ಜಾಗದಲ್ಲಿ ಕುಳಿತು ಹಿಂದೆ ಬಂದ ಸನ್ನಿವೇಶಗಳನ್ನು ಒಂದೊಂದಾಗಿ ಹಾಯಿಸಿ. ಆಪ್ತರ 25,000 ಡಾಲರ್ ಸುತ್ತು ಮೊತ್ತದಲ್ಲೂ ಮೂಲದಲ್ಲೂ ಸೋಲುತ್ತದೆ. ವಿತರಣಾ ಹಕ್ಕಿನ ಜೊತೆ ಬಂದ 5 ಲಕ್ಷದ ಖರೀದಿ, ಸೇವೆಯ 4 ಲಕ್ಷ ಕಳೆದ ಮೇಲೆ 1 ಲಕ್ಷಕ್ಕೆ ಇಳಿಯುತ್ತದೆ. 3.5 ಲಕ್ಷ ಹೊಸ ನಗದಿನ ಸುತ್ತು ಮಿತಿ ಮುಟ್ಟುವುದಿಲ್ಲ. ಸಂಸ್ಥಾಪಕರ ಷೇರು ಮರುಖರೀದಿಗೆ 80 ಲಕ್ಷ ಹೋದ ಸುತ್ತು ಮಾತ್ರ ಈ ಕರಡಿನಲ್ಲಿ ಪಾಸಾಗುತ್ತದೆ, ಏಕೆಂದರೆ ‘ಮರಳಿಸುವ ಒಪ್ಪಂದ’ ಎಂಬುದು ಹೂಡಿಕೆದಾರರಿಗೆ ಮರಳುವ ಹಣವನ್ನು ಹಿಡಿಯುತ್ತದೆಯೇ ಹೊರತು ಸಂಸ್ಥಾಪಕರಿಗೆ ಹೋಗುವುದನ್ನಲ್ಲ. ಸಾಲಪತ್ರದ ಪರಿವರ್ತನೆಯ ಮಟ್ಟಿಗೆ ಅದು ಸಹ್ಯವಾಗಬಹುದು: ಬೆಲೆ ನಿಜ, ಹೂಡಿಕೆದಾರರೂ ನಿಜ. ನಿಯಂತ್ರಣ ಬದಲಾವಣೆಯ ವಿನಾಯಿತಿಗೆ ಇದೇ ಕರಡನ್ನು ಎತ್ತಿಕೊಂಡರೆ ಅದು ದೊಡ್ಡ ರಂಧ್ರ.

ಹಂತ 9: ಸೂಚನೆ ಮತ್ತು ದಾಖಲೆ

ಎಷ್ಟೇ ಚೆನ್ನಾದ ವ್ಯಾಖ್ಯೆಯಾದರೂ ವಹಿವಾಟು ನಡೆದದ್ದು ಸಾಲಪತ್ರದಾರರಿಗೆ ಮುಗಿದ ಮೇಲೆ ತಿಳಿದರೆ ಪ್ರಯೋಜನ ಕಡಿಮೆ. ಮೊದಲ ಕ್ಲೋಸಿಂಗ್‌ಗೆ ಕನಿಷ್ಠ 10 ದಿನ ಮೊದಲು ಕಂಪನಿ ಲಿಖಿತ ಸೂಚನೆ ಕೊಡಬೇಕು, ಅದರ ಜೊತೆಗೆ ಮುಖ್ಯ ಷರತ್ತುಗಳ ಸಾರಾಂಶವಾದ ಟರ್ಮ್ ಶೀಟ್, ಷೇರುದಾರರ ಪಟ್ಟಿ ಮತ್ತು ಪರಿವರ್ತನೆಯ ಲೆಕ್ಕಪತ್ರವನ್ನು ಲಗತ್ತಿಸಬೇಕು ಎಂದು ಬರೆಯಿರಿ. ಹಣ ಜಮೆಯಾದದ್ದಕ್ಕೆ ಬ್ಯಾಂಕಿನ ದಾಖಲೆ, ಪಕ್ಕದ ಕರಾರುಗಳು ಇವೆಯೇ ಇಲ್ಲವೇ ಎಂಬ ಬಗ್ಗೆ ಅಧಿಕೃತ ಅಧಿಕಾರಿಯ ಸಹಿಯುಳ್ಳ ದೃಢೀಕರಣ, ಹಿತಾಸಕ್ತಿ ಇಲ್ಲದ ನಿರ್ದೇಶಕರು ಹೇಗೆ ಮತ ಹಾಕಿದರು ಎಂಬುದನ್ನು ತೋರಿಸುವ ನಡಾವಳಿ ಇವು ಕ್ಲೋಸಿಂಗ್ ದಿನವೇ ಸಾಲಪತ್ರದಾರರ ಕೈಸೇರಬೇಕು. ಆಕ್ಷೇಪ ಇದ್ದವರು ಸೂಚನೆ ತಲುಪಿದ ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು, ಆಕ್ಷೇಪ ಇತ್ಯರ್ಥವಾಗುವವರೆಗೆ ಅವರ ಪಾಲಿನ ಸಾಲಪತ್ರ ಮಾತ್ರ ಪರಿವರ್ತನೆಯಾಗದೆ ಉಳಿಯುತ್ತದೆ, ಸುತ್ತಿನ ಕ್ಲೋಸಿಂಗ್ ನಿಲ್ಲುವುದಿಲ್ಲ ಎಂಬ ಷರತ್ತನ್ನು ಇದಕ್ಕೆ ಸೇರಿಸಿದರೆ, ಒಬ್ಬರ ತಕರಾರಿನಿಂದ ಕಂಪನಿಯ ಹಣ ಸಂಗ್ರಹವೇ ನಿಂತುಹೋಗುವ ಭಯದಲ್ಲಿ ಹೊಸ ಹೂಡಿಕೆದಾರರು ಹಿಂದೆ ಸರಿಯುವುದಿಲ್ಲ.